ತಿಗ್ರಾನ್ ಮನ್ಸೂರ್ಯನ್: ಸದ್ದು ನಿಲ್ಲುವ ಜಾಗದಲ್ಲಿ

ಕೇಳುಗರಿಗೆ ನಮಸ್ಕಾರ.

ಹಾಡಬೇಕಾದರೆ ಕಂಠ ಚೆನ್ನಾಗಿರಬೇಕು ಅಂತ ನಾವೆಲ್ಲ ಅಂದುಕೊಂಡಿದ್ದೇವೆ, ಅಲ್ವಾ? 2003ರಲ್ಲಿ ಜರ್ಮನಿಯ ಇಸಿಎಂ ಕಂಪನಿ ‘ಹೈರೆನ್’ ಅನ್ನುವ ಸಿಡಿ ತಂದಿತು. ಅದರಲ್ಲಿ ಅರವತ್ತು ದಾಟಿದ ಒಬ್ಬರು ಪಿಯಾನೊ ಮುಂದೆ ಕೂತು ಹಾಡುತ್ತಾರೆ. ದನಿ ಒರಟು. ಪಾಠ ಮಾಡಿಸಿಕೊಂಡ ಕಂಠ ಅಲ್ಲವೇ ಅಲ್ಲ. ಆದರೂ ನಡುವೆ ಎದ್ದು ಹೋಗಲು ಮನಸ್ಸು ಬರುವುದಿಲ್ಲ. ಅವರೇ ಅರ್ಮೇನಿಯದ ಸಂಗೀತ ರಚನೆಕಾರ ತಿಗ್ರಾನ್ ಮನ್ಸೂರ್ಯನ್.

ಆ ಹಾಡುಗಳು ಅವರವಲ್ಲ, ಕೋಮಿತಾಸ್ ಎಂಬ ಪಾದ್ರಿಯವು. ಹಳ್ಳಿಯವರ ಬಾಯಿಂದ ಕೇಳಿ ಕೇಳಿ ಅರ್ಮೇನಿಯದ ಜನಪದ ಹಾಡುಗಳನ್ನು ಬರೆದಿಟ್ಟವರು ಅವರು. 1915ರ ಏಪ್ರಿಲ್‌ನಲ್ಲಿ ತುರ್ಕರ ಆಟೊಮನ್ ಸರ್ಕಾರ ಕಾನ್‌ಸ್ಟಾಂಟಿನೋಪಲ್‌ನಲ್ಲಿ, ಅಂದರೆ ಈಗಿನ ಇಸ್ತಾಂಬುಲ್‌ನಲ್ಲಿ, ಹಿಡಿದು ಗಡಿಪಾರು ಮಾಡಿದ ಅರ್ಮೇನಿಯನ್ನರಲ್ಲಿ ಅವರೂ ಒಬ್ಬರು. ಜೀವವೇನೋ ಉಳಿಯಿತು, ಮನಸ್ಸು ಕದಡಿಹೋಯಿತು. 1935ರಲ್ಲಿ ಪ್ಯಾರಿಸ್ ಹತ್ತಿರದ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು.

ಮನ್ಸೂರ್ಯನ್ ಹುಟ್ಟಿದ್ದು 1939ರಲ್ಲಿ, ಲೆಬನಾನಿನ ಬೈರೂತ್‌ನಲ್ಲಿ. 1947ರಲ್ಲಿ ಮನೆಮಂದಿಯೆಲ್ಲ ಸೋವಿಯತ್ ಅರ್ಮೇನಿಯಕ್ಕೆ ಬಂದರು. ಯೆರೆವಾನ್‌ನಲ್ಲಿ ಕೋಮಿತಾಸ್ ಹೆಸರಿನದೇ ಸಂಗೀತ ಕಾಲೇಜಿನಲ್ಲಿ ಓದಿದರು. ಮುಂದೆ ಅಲ್ಲೇ ಮೇಷ್ಟ್ರಾದರು, 1990ರ ದಶಕದಲ್ಲಿ ಮುಖ್ಯಸ್ಥರೂ ಆದರು. ನಿರ್ದೇಶಕ ಪರಾಜಾನೊವ್ ಅವರ ‘ದಾಳಿಂಬೆಯ ಬಣ್ಣ’ ಸಿನಿಮಾದ ಸಂಗೀತವೂ ಇವರದೇ.

ಹರೆಯದಲ್ಲಿ ಅವರಿಗೆ ಯುರೋಪಿನ ಹೊಸ ಸಂಗೀತದ ಹುಚ್ಚು. 12 ಸ್ವರಗಳಿಗೂ ಒಂದೇ ಮರ್ಯಾದೆ, ಷಡ್ಜ ಅನ್ನುವುದೇ ಇಲ್ಲ. ನಮ್ಮ ಕಿವಿಗೆ ಅದು ಸ್ವಲ್ಪ ಜಾಸ್ತಿಯೇ ಆಯಿತು ಬಿಡಿ. ಆಮೇಲೆ ಮೆಲ್ಲಗೆ ತಮ್ಮ ಊರಿನ ಹಾಡಿನ ಕಡೆ ಹೊರಳಿದರು. ಅರ್ಮೇನಿಯದ ಹಳೆಯ ಸಂಗೀತ ಒಂದೇ ಎಳೆಯದು. ದುದುಕ್ ಎಂಬ ಮರದ ವಾದ್ಯ ನುಡಿಸುವಾಗ ಪಕ್ಕದಲ್ಲಿ ಇನ್ನೊಬ್ಬರು ಒಂದೇ ಸ್ವರ ಹಿಡಿದು ಕೂರುತ್ತಾರೆ. ಅದಕ್ಕೆ ದಾಮ್ ಅನ್ನುತ್ತಾರೆ. ನಿಮಗೆ ತಂಬೂರಿ ನೆನಪಾದರೆ ತಪ್ಪೇನಿಲ್ಲ.

2011ರಲ್ಲಿ ‘ರೆಕ್ವಿಯಮ್’ ಬರೆದರು. ಹಾಗೆಂದರೆ ಸತ್ತವರಿಗಾಗಿ ಮಾಡುವ ಪ್ರಾರ್ಥನೆ. 1915ರಿಂದ ನಡೆದ ನರಮೇಧದಲ್ಲಿ ಸತ್ತ ಅರ್ಮೇನಿಯನ್ನರ ನೆನಪಿಗೆ ಮಾಡಿದ್ದು. ಮಾತು ರೋಮಿನ ಚರ್ಚಿನ ಲ್ಯಾಟಿನ್. ಹಾಡುವ ರೀತಿಯಲ್ಲಿ ಮಾತ್ರ ಅರ್ಮೇನಿಯದ ಚರ್ಚಿನ ಗಾಳಿ. ಬೇರೆ ಬೇರೆ ಹಾದಿ ಹಿಡಿದ ಎರಡು ಚರ್ಚುಗಳನ್ನು ಹೀಗೆ ಒಟ್ಟಿಗೆ ಕೂರಿಸುವುದು ಸುಮ್ನೆ ಆಗುವ ಕೆಲಸವಲ್ಲ. ಇದರ ಧ್ವನಿಮುದ್ರಣ ಎರಡು ವಿಭಾಗಗಳಲ್ಲಿ ಗ್ರ್ಯಾಮಿ ಪಟ್ಟಿಗೆ ಹೋಗಿತ್ತು. ಬಹುಮಾನ ಬರಲಿಲ್ಲ.

ನನಗೆ ಇದಕ್ಕಿಂತ ಹತ್ತಿರದ್ದು 1995ರ ವಯೋಲಾ ಕಾನ್ಸರ್ಟೊ. ಕಾನ್ಸರ್ಟೊ ಅಂದರೆ ಒಂದು ವಾದ್ಯ ಮುಂದೆ ನಿಂತು, ವಾದ್ಯವೃಂದ ಜೊತೆಗೂಡುವ ರಚನೆ. ವಯೋಲಾ ಪಿಟೀಲಿಗಿಂತ ತುಸು ದೊಡ್ಡದು, ದನಿ ತಗ್ಗು. ನುಡಿಸಿದವರು ಅಮೆರಿಕದಲ್ಲಿ ಹುಟ್ಟಿದ ಅರ್ಮೇನಿಯನ್ ಕಲಾವಿದೆ ಕಿಮ್ ಕಷ್ಕಷ್ಯಾನ್. ‘ಮತ್ತೆ ನಾನು ಕಾಲದೊಳಗೆ ಬಂದೆ’ ಅನ್ನುವ ಅರ್ಥದ ಅದರ ಹೆಸರು ಅಮೆರಿಕದ ಲೇಖಕ ಫಾಕ್ನರ್ ಅವರ ಕಾದಂಬರಿಯ ಒಂದು ಸಾಲು. ಅಲ್ಲಿ ಬೆಳಿಗ್ಗೆ ಎಚ್ಚರವಾದವನ ಕಿವಿಗೆ ಗಡಿಯಾರದ ಸದ್ದು ಬೀಳುತ್ತದೆ. ಇಲ್ಲಿ ವಯೋಲಾ ಒಂದು ಮಾತು ಆಡುತ್ತದೆ, ನಿಲ್ಲುತ್ತದೆ, ಯೋಚಿಸುತ್ತದೆ, ಮತ್ತೆ ಆಡುತ್ತದೆ.

ಈಗ ಅದರದೇ ಒಂದು ಭಾಗ ಹಾಕುತ್ತಿದ್ದೇವೆ. ನಡುವೆ ಸದ್ದು ನಿಂತರೆ ರೇಡಿಯೊ ಕೆಟ್ಟಿತು ಅಂತ ತಿರುಗಿಸಬೇಡಿ.