ಯಾವೂರಿನ ಮೀನು ಇದು?

ನಮಸ್ಕಾರ. ಹೋದ ಸೀಸನ್‌ನಲ್ಲಿ ನೇತ್ರಾಣಿ ದ್ವೀಪಕ್ಕೆ ಡೈವ್ ಮಾಡಲು ಹೋಗಿದ್ದೆ. ಮುರ್ಡೇಶ್ವರದಿಂದ ಬೋಟಿನಲ್ಲಿ ಸುಮಾರು 19 ಕಿಲೋಮೀಟರ್. ಅವತ್ತು ಅಲೆ ಜೋರಿತ್ತು. ಬೆಳಿಗ್ಗೆ ತಿಂದ ಇಡ್ಲಿ ಅರ್ಧ ದಾರಿಯಲ್ಲೇ ಸಮುದ್ರದ ಪಾಲಾಯಿತು, ಅದು ಬಿಡಿ. ನೀರಿಗಿಳಿದರೆ ಬಂಡೆಯ ಸಂದಿಯಲ್ಲಿ ಒಂದು ಲಯನ್‌ಫಿಶ್. ಮೈತುಂಬ ಕೆಂಪು-ಬಿಳಿ ಪಟ್ಟೆ, ಬೀಸಣಿಗೆ ಬಿಚ್ಚಿದ ಹಾಗೆ ರೆಕ್ಕೆ, ಮದುವೆ ಗಂಡಿನ ಗತ್ತು.

ನನ್ನ ಜೊತೆಗಿದ್ದ ಬೆಂಗಳೂರಿನ ಹುಡುಗ ಅದನ್ನು ನೋಡಿದವನೇ ಈಟಿಯಲ್ಲಿ ತಿವಿಯುವ ಹಾಗೆ ಸನ್ನೆ ಮಾಡಿದ. ಮೇಲೆ ಬಂದು ಮಾಸ್ಕ್ ತೆಗೆದ ಕೂಡಲೇ, "ಅಣ್ಣಾ, ಅದು ಹೊರಗಿನ ಮೀನು. ಕಂಡಲ್ಲಿ ಕೊಲ್ಲಬೇಕಂತೆ. ವಿಡಿಯೋದಲ್ಲಿ ನೋಡಿದ್ದೇನೆ" ಎಂದ.

ವಿಡಿಯೋ ಸುಳ್ಳಲ್ಲ. ಅದು ಬೇರೆ ಸಮುದ್ರದ ಕಥೆ, ಅಷ್ಟೇ.

ಅಮೆರಿಕದ ಫ್ಲೋರಿಡಾದಲ್ಲಿ ಈ ಮೀನು ಮೊದಲು ಕಂಡಿದ್ದು 1985ರಲ್ಲಿ. ಅಕ್ವೇರಿಯಂಗೆಂದು ತಂದವರು ಸಮುದ್ರಕ್ಕೆ ಬಿಟ್ಟಿರಬೇಕು ಎಂಬುದೇ ಎಲ್ಲರ ಅಂದಾಜು. 2000ದ ನಂತರ ಅದು ಕೆರಿಬಿಯನ್ ತುಂಬ ಹಬ್ಬಿತು. ಒಂದು ಹೆಣ್ಣು ಮೀನು ವರ್ಷಕ್ಕೆ 20 ಲಕ್ಷದವರೆಗೂ ಮೊಟ್ಟೆ ಇಡುತ್ತದೆ. ಅಲ್ಲಿನ ಮರಿಮೀನುಗಳಿಗೆ ಇದು ಬೇಟೆಗಾರ ಎಂದೇ ಗೊತ್ತಿಲ್ಲ. ಹತ್ತಿರ ಬಂದರೂ ಸುಮ್ನೆ ನಿಂತಿರುತ್ತವೆ. ಬಹಾಮಾಸ್‌ನಲ್ಲಿ ಚಿಕ್ಕ ಚಿಕ್ಕ ಹವಳದ ದಿಬ್ಬಗಳಲ್ಲಿ ಪರೀಕ್ಷೆ ಮಾಡಿದರು. ಲಯನ್‌ಫಿಶ್ ಇದ್ದ ಕಡೆ, ಐದೇ ವಾರದಲ್ಲಿ, ಹೊಸದಾಗಿ ಬಂದು ನೆಲೆಸುವ ಮರಿಗಳು ಶೇಕಡಾ 79ರಷ್ಟು ಕಡಿಮೆಯಾಗಿದ್ದವು. ಹಾಗಾಗಿ ಅಲ್ಲಿ ಡೈವರ್‌ಗಳು ಈಟಿ ಹಿಡಿಯುವುದು ಸರಿಯೇ.

ಆದರೆ ಆ ಮೀನಿನ ತವರು ಯಾವುದು ಹೇಳಿ? ನಮ್ಮದೇ ಹಿಂದೂ ಮಹಾಸಾಗರ, ಆ ಕಡೆ ಪೆಸಿಫಿಕ್. ನೇತ್ರಾಣಿಯಲ್ಲಿ ಅದು ಮನೆಯವನು, ನಾವು ನೆಂಟರು. ಟಿಕೆಟ್ ಕೊಟ್ಟು ನಲವತ್ತು ನಿಮಿಷಕ್ಕೆ ಬಂದ ನೆಂಟ ಮನೆ ಯಜಮಾನನನ್ನೇ ಹೊರಗೆ ಹಾಕಲು ಹೊರಟ ಹಾಗಾಯಿತು.

ಇದು ಪೇಟೆಯವರ ತಪ್ಪು ಮಾತ್ರ ಎಂದು ನಾವು ಕರಾವಳಿಯವರು ನಗುವ ಹಾಗಿಲ್ಲ. ಕಾರವಾರದಲ್ಲಿ 'ಕಾರ್ಗಿಲ್ ಮೀನು' ಎಂದು ಹೇಳಿ ನೋಡಿ, ಮೀನುಗಾರರ ಮುಖ ಹುಳ್ಳಗಾಗುತ್ತದೆ. ಕಪ್ಪು ಮೈ, ಕೆಂಪು ಹಲ್ಲು. ಪುಸ್ತಕದಲ್ಲಿ ಅದಕ್ಕೆ ರೆಡ್‌ಟೂತ್ ಟ್ರಿಗರ್‌ಫಿಶ್ ಎನ್ನುತ್ತಾರೆ. ಬಂದರೆ ರಾಶಿ ರಾಶಿ ಬಲೆಗೆ ಬೀಳುತ್ತದೆ. ತಿನ್ನುವವರು ಕಡಿಮೆ, ಮೀನಿನ ಪುಡಿ ಮಾಡುವ ಫಿಶ್‌ಮೀಲ್ ಕಾರ್ಖಾನೆಗೆ ಹೋಗುತ್ತದೆ. ಇದು ಬಂತು ಅಂದರೆ ಒಳ್ಳೆಯ ಮೀನಿಗೆ ಬರ ಎನ್ನುವ ನಂಬಿಕೆ ಬೇರೆ. ಹೆಸರು ಕೇಳಿದರೆ ಗಡಿ ದಾಟಿ ಬಂದವನ ಹಾಗೇ ಇದೆ, ಅಲ್ವಾ? ಆದರೆ ಇದೂ ಈ ಸಮುದ್ರದ್ದೇ. ಹೊಸದಾಗಿರುವುದು ಅದರ ಸಂಖ್ಯೆ, ಮೀನಲ್ಲ.

ಹಾಗಾದರೆ ಹೊರಗಿನವು ಬರುವುದೇ ಇಲ್ಲವಾ? ಬರುತ್ತವೆ. ಜಿಲೇಬಿ ಮೀನು ನೋಡಿ, ತಿಲಾಪಿಯಾ. ಆಫ್ರಿಕಾದ್ದು. 1952ರಲ್ಲಿ ನಾವೇ ಕೈಯಾರೆ ಭಾರತಕ್ಕೆ ತಂದೆವು. ಸಿಹಿನೀರಿಗೂ ಸೈ, ಅಳಿವೆಯ ಉಪ್ಪುನೀರಿಗೂ ಸೈ. ಮರಿಗಳನ್ನು ಬಾಯಲ್ಲೇ ಇಟ್ಟುಕೊಂಡು ಕಾಪಾಡುತ್ತದೆ, ಸೋಲುವ ಜಾತಿಯೇ ಅಲ್ಲ. ಕೊಲ್ಲಲು ಮನಸ್ಸಿಲ್ಲ ಎಂದು ಅಕ್ವೇರಿಯಂ ಮೀನನ್ನು ಹೊಳೆಗೆ ಬಿಟ್ಟು ಪುಣ್ಯ ಕಟ್ಟಿಕೊಳ್ಳುವವರೂ ಇದ್ದಾರೆ. ಇನ್ನು ಹಡಗುಗಳು. ಸರಕಿಲ್ಲದ ಹಡಗು ಓಲಾಡದಿರಲಿ ಎಂದು ಒಂದು ಬಂದರಿನಲ್ಲಿ ನೀರು ತುಂಬಿಕೊಳ್ಳುತ್ತದೆ, ಇನ್ನೊಂದರಲ್ಲಿ ಖಾಲಿ ಮಾಡುತ್ತದೆ. ಆ ನೀರಿನ ಜೊತೆ ಮೊಟ್ಟೆ, ಮರಿ, ಚಿಪ್ಪಿನ ಹುಳ ಎಲ್ಲ ಬರುತ್ತವೆ. ಇದಕ್ಕೆ ಅಂತರರಾಷ್ಟ್ರೀಯ ಕಾನೂನು ಜಾರಿಗೆ ಬಂದಿದ್ದೇ 2017ರಲ್ಲಿ. ಕಾರವಾರ ಬಂದರಿಗೂ ಹೊರದೇಶದ ಹಡಗು ಬರುತ್ತವೆ.

ಇವು ನೋಡಲು ಮದುವೆ ಗಂಡಿನ ಹಾಗಿರುವುದಿಲ್ಲ. ಯಾರೂ ಫೋಟೋ ತೆಗೆಯುವುದಿಲ್ಲ. ನನ್ನ ಸಿಟ್ಟು ಅದಕ್ಕೇ.

ಅವತ್ತು ವಾಪಸ್ ಬರುವಾಗ ಬೋಟು ನಡೆಸುವ ತಾಂಡೇಲರನ್ನು ಕೇಳಿದೆ. ಮೊದಲು ಮೀನುಗಾರಿಕೆಯಲ್ಲಿದ್ದವರು, ವಯಸ್ಸು ಅರವತ್ತರ ಮೇಲೆ. ಆ ಪಟ್ಟೆ ಮೀನು ನಿಮಗೆ ಗೊತ್ತಾ ಎಂದೆ. "ಅದರ ಮುಳ್ಳು ಚುಚ್ಚಿಸಿಕೊಂಡವರನ್ನು ನಾನು ಸಣ್ಣವನಿದ್ದಾಗಲೇ ನೋಡಿದ್ದೇನೆ" ಎಂದು ನಕ್ಕರು. ಹುಡುಗ ಸುಮ್ಮನಾದ. ಆಮೇಲೆ ಅವರೇ ಹೇಳಿದರು: "ಆದರೆ ಬಂಡೆ ಹತ್ತಿರ ನಾವು ಬಲೆ ಹಾಕುವುದಿಲ್ಲ ಮಾರಾಯ್ರೆ, ಹರಿದುಹೋಗುತ್ತದೆ. ಆ ಸಂದಿಗಳಲ್ಲಿ ಏನೇನಿದೆ ಅಂತ ನೀವು ಇಳಿಯುವವರೇ ಹೇಳಬೇಕು."

ಹೌದಲ್ಲ! ನಾವು ಇಳಿಯುತ್ತೇವೆ. ಇಳಿದು ಏನು ಮಾಡುತ್ತೇವೆ? ನಮ್ಮದೇ ಮುಖದ ವಿಡಿಯೋ. ಹಿಂದೆ ಮೀನು ಮಸುಕು ಮಸುಕು. ಬೋಟಿಗೊಂದು ಪುಸ್ತಕ ಇಟ್ಟು, ದಿನ, ಆಳ, ಕಂಡ ಮೀನು ಬರೆದಿಟ್ಟರೆ ಎಷ್ಟು ಹೊತ್ತು ಬೇಕು? ಗುರುತು ಸಿಗದ ಮೀನಿದ್ದರೆ ಸಮೀಪದ ಫೋಟೋ ತೆಗೆಯಿರಿ. ಮೊದಲು ತಾಂಡೇಲರಿಗೆ ತೋರಿಸಿ. ಅವರಿಗೂ ಗೊತ್ತಿಲ್ಲವೆಂದರೆ ಕಾರವಾರದ ಕೋಡಿಬಾಗಕ್ಕೆ ಹೋಗಿ. ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇರುವುದು ಅಲ್ಲೇ.

ಈಟಿ ಮನೆಯಲ್ಲೇ ಇರಲಿ. ಮಳೆ ಮುಗಿದು ಬೋಟು ಶುರುವಾದ ಮೇಲೆ ನಾನಂತೂ ಇನ್ನೂರು ಪುಟದ ಪುಸ್ತಕ ತರುತ್ತೇನೆ. ನೀವು ಪೆನ್ಸಿಲ್ ತನ್ನಿ. ಒದ್ದೆ ಕೈಯಲ್ಲಿ ಪೆನ್ನು ಕೆಲಸಕ್ಕೆ ಬರುವುದಿಲ್ಲ.