50 ಎಂಎಂ ಲೆನ್ಸೋ, ಮ್ಯಾಕ್ರೋ ಲೆನ್ಸೋ?

ಕೇಳುಗ ಮಿತ್ರರಿಗೆ ನಮಸ್ಕಾರ.

ಅಟ್ಟದ ಮೇಲೆ ಧೂಳು ಹಿಡಿದು ಕೂತಿದ್ದ ಫಿಲ್ಮ್ ಕ್ಯಾಮೆರಾಗಳು ಈಗ ಮತ್ತೆ ಕೆಳಗಿಳಿದಿವೆ. ಅಪ್ಪನದೋ ಸೋದರಮಾವನದೋ, ಲೆನ್ಸ್ ಕಳಚಿ ಬದಲಿಸಬಹುದಾದ ಹಳೆಯ ಎಸ್‌ಎಲ್‌ಆರ್ ಕೈಗೆ ಸಿಕ್ಕಿರುತ್ತದೆ. ಬಾಡಿ ಗಟ್ಟಿಯಾಗಿರುತ್ತದೆ, ಶಟರ್ ಟಕ್ಕಂತ ಬೀಳುತ್ತದೆ. ಲೆನ್ಸ್ ಮಾತ್ರ ಫಂಗಸ್ ಹಿಡಿದು ಮಬ್ಬಾಗಿರುತ್ತದೆ. ಮಳೆ ಜಾಸ್ತಿ ಹೊಡೆಯುವ ಕರಾವಳಿ, ಮಲೆನಾಡಿನ ಮನೆಗಳಲ್ಲಂತೂ ಇದು ಮಾಮೂಲು. ಹಾಗಾಗಿ ಒಂದು ಲೆನ್ಸ್ ಕೊಳ್ಳಬೇಕು. ಕೈಯಲ್ಲಿರುವ ದುಡ್ಡಿಗೆ ಒಂದೇ ಒಂದು. ಸೆಕೆಂಡ್‌ಹ್ಯಾಂಡ್ ಅಂಗಡಿಯವರು ಎರಡನ್ನು ತೆಗೆದು ಮುಂದಿಡುತ್ತಾರೆ. ಒಂದು ಮಾಮೂಲಿ 50 ಎಂಎಂ, ಎಫ್ 1.8. ಇನ್ನೊಂದು 50 ಅಥವಾ 55 ಎಂಎಂ ಮ್ಯಾಕ್ರೋ, ಅಂದರೆ ತೀರಾ ಹತ್ತಿರದಿಂದಲೂ ತೆಗೆಯಬಲ್ಲ ಲೆನ್ಸ್, ಎಫ್ 3.5. ಎಫ್ ಮುಂದಿನ ಅಂಕಿ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ತೆರೆದು ಹೆಚ್ಚು ಬೆಳಕು ಬಿಡುತ್ತದೆ. ಯಾವುದನ್ನು ತಗೊಳ್ಳುವುದು?

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮಾಮೂಲಿ ಐವತ್ತನ್ನೇ ತಗೊಳ್ಳಿ. ಒಂದು ಬಗೆಯ ಕೆಲಸ ಮಾಡುವವರಿಗೆ ಮಾತ್ರ ಈ ಮಾತು ತಿರುವುಮುರುವಾಗುತ್ತದೆ. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ದೂರದ ದೃಶ್ಯಕ್ಕೆ ಇವೆರಡರಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಬೀದಿ, ಬೆಟ್ಟ, ಗೋಪುರ, ಎಲ್ಲವೂ ಹೆಚ್ಚುಕಮ್ಮಿ ಅಷ್ಟೇ ಅಗಲಕ್ಕೆ ಬರುತ್ತವೆ. ಮ್ಯಾಕ್ರೋ ಲೆನ್ಸ್ ದೂರಕ್ಕೆ ಚೆನ್ನಾಗಿರಲ್ಲ ಅಂತ ಕೆಲವರು ಹೇಳುತ್ತಾರೆ. ಅದನ್ನು ನಂಬಬೇಡಿ. ಎಫ್ 8ಕ್ಕೆ ಇಟ್ಟು ತೆಗೆದರೆ ಬಹಳ ಚೊಕ್ಕವಾಗಿ ಬರುತ್ತದೆ. ವ್ಯತ್ಯಾಸ ಇರುವುದು ಎಷ್ಟು ಹತ್ತಿರ ಹೋಗಬಹುದು ಅನ್ನುವುದರಲ್ಲಿ.

ಮಾಮೂಲಿ ಐವತ್ತು ಸಾಮಾನ್ಯವಾಗಿ 45 ಸೆಂಟಿಮೀಟರ್ ಹತ್ತಿರ ಬಂದಾಗ ನಿಂತುಬಿಡುತ್ತದೆ. ಕೆಲವು 60ಕ್ಕೇ ನಿಲ್ಲುತ್ತವೆ. 45ರಲ್ಲಿ ಫ್ರೇಮಿನೊಳಗೆ ಹಿಡಿಸುವ ಜಾಗ ಸುಮಾರು 24 ಸೆಂಟಿಮೀಟರ್ ಉದ್ದ, 16 ಸೆಂಟಿಮೀಟರ್ ಅಗಲ. ಅಂದರೆ ಶಾಲೆಯ ನೋಟ್‌ಬುಕ್ಕಿನ ಒಂದು ಪುಟ ಅಂದುಕೊಳ್ಳಿ. ಮ್ಯಾಕ್ರೋ ಲೆನ್ಸ್ ಫಿಲ್ಮಿನಿಂದ ಅಳೆದರೆ 25 ಸೆಂಟಿಮೀಟರ್ ಆಸುಪಾಸಿನವರೆಗೂ ಬರುತ್ತದೆ. ಆಗ ಫ್ರೇಮಿನಲ್ಲಿ ಹಿಡಿಸುವುದು ಎಟಿಎಂ ಕಾರ್ಡಿಗಿಂತ ಸ್ವಲ್ಪ ಚಿಕ್ಕ ಜಾಗ. ವಸ್ತು ಇರುವುದರ ಅರ್ಧ ಗಾತ್ರಕ್ಕೆ ಫಿಲ್ಮ್ ಮೇಲೆ ಮೂಡುತ್ತದೆ. ಇದನ್ನೇ 1:2 ಅನ್ನುತ್ತಾರೆ. ಹಳೆಯ ನಿಕಾನ್, ಕ್ಯಾನನ್, ಪೆಂಟ್ಯಾಕ್ಸ್, ಒಲಿಂಪಸ್, ಮಿನೋಲ್ಟಾ, ಯಾವುದನ್ನೇ ತಗೊಳ್ಳಿ, ಅವುಗಳ ಐವತ್ತರ ಮ್ಯಾಕ್ರೋಗಳು ಸಾಮಾನ್ಯವಾಗಿ 1:2ಕ್ಕೆ ನಿಲ್ಲುತ್ತವೆ. ಪೂರ್ತಿ ಗಾತ್ರ ಬೇಕಿದ್ದರೆ ಲೆನ್ಸಿಗೂ ಬಾಡಿಗೂ ನಡುವೆ ಇನ್ನೊಂದು ರಿಂಗ್ ಹಾಕಬೇಕು.

ಅಂಗಳದ ದಾಸವಾಳವನ್ನೇ ತಗೊಳ್ಳೋಣ. ಮಾಮೂಲಿ ಲೆನ್ಸಿನಲ್ಲಿ ಇಡೀ ಹೂವು ಬರುತ್ತದೆ, ಸುತ್ತ ನಾಲ್ಕಾರು ಎಲೆಯೂ ಬರುತ್ತದೆ. ಹೂವಿನ ನಡುವಿನಿಂದ ಹೊರಕ್ಕೆ ಚಾಚಿರುವ ದಂಟು ನೋಡಿದ್ದೀರಲ್ವಾ? ಅದರ ಮೈತುಂಬ ಹಳದಿ ಪುಡಿ ಹೊತ್ತ ಎಳೆಗಳು. ತುದಿಯಲ್ಲಿ ಐದು ಕವಲು, ಒಂದೊಂದರ ತಲೆಯ ಮೇಲೂ ಮಖಮಲ್ಲಿನಂಥ ಕೆಂಪು ಗುಂಡಿ. ಮ್ಯಾಕ್ರೋದಲ್ಲಿ ಆ ತುದಿಯೇ ಫ್ರೇಮಿನ ವಿಷಯವಾಗುತ್ತದೆ. ಆದರೆ ಎಫ್ 8 ಇಟ್ಟರೂ ಸ್ಪಷ್ಟವಾಗಿ ಬರುವ ಆಳ ಮೂರು ಮಿಲಿಮೀಟರ್ ಅಷ್ಟೇ. ಐದು ಗುಂಡಿಗಳಲ್ಲಿ ಎರಡು ಚೊಕ್ಕ, ಉಳಿದ ಮೂರು ಮಬ್ಬು. ಎಫ್ 16ಕ್ಕೆ ಇಳಿಸಿದರೆ ಆಳ ಜಾಸ್ತಿಯಾಗುತ್ತದೆ, ಬೆಳಕು ಸಾಲುವುದಿಲ್ಲ.

ಬೆಳಕಿನ ಈ ಕೊರತೆಗೆ ಇನ್ನೊಂದು ಕಾರಣವೂ ಇದೆ. ಲೆನ್ಸ್ ಮುಂದಕ್ಕೆ ಚಾಚಿದಷ್ಟೂ ಫಿಲ್ಮಿಗೆ ಮುಟ್ಟುವ ಬೆಳಕು ಕಡಿಮೆಯಾಗುತ್ತದೆ. ಬೆಳಕು ಅರ್ಧಕ್ಕಿಳಿದರೆ ಅದನ್ನು ಒಂದು ಸ್ಟಾಪ್ ಅನ್ನುತ್ತಾರೆ. 1:2ರಲ್ಲಿ ಒಂದು ಸ್ಟಾಪಿಗಿಂತ ತುಸು ಹೆಚ್ಚು ಹೋಗುತ್ತದೆ. ಪೂರ್ತಿ ಗಾತ್ರದಲ್ಲಿ ಎರಡು ಸ್ಟಾಪ್. ಲೆನ್ಸ್ ಮೂಲಕವೇ ಅಳೆಯುವ ಮೀಟರ್ ನಿಮ್ಮ ಕ್ಯಾಮೆರಾದಲ್ಲಿ ಇದ್ದು ಕೆಲಸ ಮಾಡುತ್ತಿದ್ದರೆ ಅದೇ ಸರಿ ಮಾಡಿಕೊಳ್ಳುತ್ತದೆ. ಮೀಟರ್ ಸತ್ತ ಕ್ಯಾಮೆರಾ ಇಟ್ಟುಕೊಂಡು ಮೊಬೈಲ್ ಆ್ಯಪ್‌ನಲ್ಲಿ ಅಳೆಯುವವರು ಮಾತ್ರ ಇದನ್ನು ಮರೆಯಬಾರದು, ಬೆಳಕು ಸಾಲದೆ ನೆಗೆಟಿವ್ ತೆಳ್ಳಗೆ ಬಂದುಬಿಡುತ್ತದೆ. ಒಂದು ಲೆಕ್ಕ ನೋಡಿ. ಐಎಸ್‌ಒ 100 ಫಿಲ್ಮ್, ನೆರಳಿನಲ್ಲಿರುವ ಹೂವು. ಐಎಸ್‌ಒ ಅಂಕಿ ಹೆಚ್ಚಿದಷ್ಟೂ ಫಿಲ್ಮಿಗೆ ಕಡಿಮೆ ಬೆಳಕು ಸಾಕು. ದೂರದಿಂದ ತೆಗೆಯುವಾಗ ಎಫ್ 5.6ಕ್ಕೆ ಸೆಕೆಂಡಿನ 125ನೇ ಒಂದು ಭಾಗ ಸಾಕು. ಅದೇ ಹೂವಿನ ಹತ್ತಿರ ಹೋಗಿ ಎಫ್ 8 ಇಟ್ಟರೆ ಶಟರ್ 30ನೇ ಒಂದು ಭಾಗಕ್ಕೆ ಇಳಿಯುತ್ತದೆ. ದಾಸವಾಳದ ತೊಟ್ಟು ಸಣ್ಣ ಗಾಳಿಗೂ ತೂಗುತ್ತದೆ. ಟ್ರೈಪಾಡ್ ನಿಮ್ಮ ಕೈಯನ್ನು ನಿಲ್ಲಿಸುತ್ತದೆ, ಹೂವನ್ನು ನಿಲ್ಲಿಸುವುದಿಲ್ಲ. ಹಾಗಾಗಿ ಫ್ಲ್ಯಾಶ್ ಹಾಕಬೇಕು, ಇಲ್ಲವೇ ಬೆಳಗಿನ ಗಾಳಿಯಿಲ್ಲದ ಹೊತ್ತಿಗೆ ಏಳಬೇಕು.

ಈಗ ಮನೆಯೊಳಗೆ ಬನ್ನಿ. ರಾತ್ರಿ ಊಟದ ಹೊತ್ತು, ಒಂದು ಬಲ್ಬಿನ ಬೆಳಕು, ಅಜ್ಜ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಾರೆ. ಕ್ಯಾಮೆರಾದಲ್ಲಿ ಐಎಸ್‌ಒ 400 ಫಿಲ್ಮ್ ಇದೆ. ಎಫ್ 1.8ಕ್ಕೆ ತೆರೆದರೆ 30ನೇ ಒಂದು ಭಾಗ ಸಿಗುತ್ತದೆ. ಉಸಿರು ಹಿಡಿದು ಒತ್ತಿದರೆ ಚಿತ್ರ ಬರುತ್ತದೆ. ಎಫ್ 3.5ರ ಮ್ಯಾಕ್ರೋದಲ್ಲಿ ಅದು 8ನೇ ಒಂದು ಭಾಗ. ನಿಮ್ಮ ಕೈ ನಡುಗದಿದ್ದರೂ ಅಜ್ಜನ ಕೈ ಸುಣ್ಣ ಹಚ್ಚುತ್ತಲೇ ಇರುತ್ತದೆ. ಡಿಜಿಟಲ್ ಆಗಿದ್ದರೆ ಐಎಸ್‌ಒ ಏರಿಸಿ ಸುಮ್ನೆ ಇರಬಹುದಿತ್ತು. ಫಿಲ್ಮಿನಲ್ಲಿ 36 ಫ್ರೇಮ್ ಮುಗಿಯುವವರೆಗೂ ಒಳಗೆ ಹಾಕಿದ್ದೇ ಗತಿ.

ನಾನು ಐವತ್ತರ ಕಡೆ ವಾಲುವುದು ಇದಕ್ಕೇ. ಮಾಮೂಲಿ ಲೆನ್ಸಿಗೆ ಇಲ್ಲದ ಹತ್ತಿರದ ನೋಟವನ್ನು ನಾಳೆ ಕಡಿಮೆ ದುಡ್ಡಿಗೆ ಕೊಂಡುಕೊಳ್ಳಬಹುದು. ಮ್ಯಾಕ್ರೋಗೆ ಇಲ್ಲದ ಆ ಎರಡು ಸ್ಟಾಪ್ ಬೆಳಕನ್ನು ಯಾವ ಅಂಗಡಿಯಲ್ಲೂ ಮಾರುವುದಿಲ್ಲ. ಎಕ್ಸ್‌ಟೆನ್ಶನ್ ಟ್ಯೂಬ್ ಅಂದರೆ ಗಾಜೇ ಇಲ್ಲದ ಬರೀ ಟೊಳ್ಳು ಉಂಗುರ. 50 ಎಂಎಂ ಲೆನ್ಸಿನ ಹಿಂದೆ 25 ಎಂಎಂ ದಪ್ಪದ ಉಂಗುರ ಹಾಕಿದರೆ ಅರ್ಧ ಗಾತ್ರ ಬಂತು. ಉಂಗುರದ ದಪ್ಪವನ್ನು ಲೆನ್ಸಿನ ಎಂಎಂನಿಂದ ಭಾಗಿಸಿದರೆ ಎಷ್ಟು ದೊಡ್ಡದಾಗುತ್ತದೆ ಅಂತ ಗೊತ್ತಾಗುತ್ತದೆ. ಲೆನ್ಸಿನ ಮುಂದೆ ತಿರುಪುವ ಕ್ಲೋಸಪ್ ಫಿಲ್ಟರ್ ಇನ್ನೂ ಅಗ್ಗ. ಪ್ಲಸ್ 2 ಅಂತ ಬರೆದಿದ್ದರೆ, ಲೆನ್ಸ್ ಇನ್ಫಿನಿಟಿಯಲ್ಲಿ, ಅಂದರೆ ತೀರಾ ದೂರದ ಫೋಕಸ್‌ನಲ್ಲಿ ಇದ್ದಾಗ ಅದು ಅರ್ಧ ಮೀಟರಿನ ವಸ್ತುವನ್ನು ಫೋಕಸ್‌ಗೆ ತರುತ್ತದೆ. ಪ್ಲಸ್ 4 ಆದರೆ ಕಾಲು ಮೀಟರ್. ಅಂಚಿನಲ್ಲಿ ಸ್ವಲ್ಪ ಮೆತ್ತಗಾಗುತ್ತದೆ, ಹೂವಿಗೆ ಅದು ತೊಂದರೆಯೇನಲ್ಲ.

ಉಂಗುರದ ಕಿರಿಕಿರಿಯೂ ಇದೆ, ಮುಚ್ಚಿಡುವುದಿಲ್ಲ. ಅದನ್ನು ಹಾಕಿದ ಮೇಲೆ ದೂರದ್ದು ಫೋಕಸ್ ಆಗುವುದೇ ಇಲ್ಲ. ತೆಗೆಯಬೇಕು, ಮತ್ತೆ ಹಾಕಬೇಕು. ಮ್ಯಾಕ್ರೋ ಲೆನ್ಸಿನಲ್ಲಾದರೆ ಬೆಟ್ಟದಿಂದ ಹೂವಿನ ಕೇಸರದವರೆಗೆ ಒಂದೇ ತಿರುವಿನಲ್ಲಿ ಬಂದುಬಿಡಬಹುದು. ಆ ಸುಖ ದೊಡ್ಡದು. ಆದರೆ ತಿರುವು ತುಂಬಾ ಉದ್ದ, ಓಡಾಡುವ ಮಗುವಿನ ಹಿಂದೆ ಬಿದ್ದರೆ ಕೈ ಸೋಲುತ್ತದೆ. ವ್ಯೂಫೈಂಡರ್ ನಡುವೆ ಎರಡು ತುಂಡಾಗಿ ಕಾಣುವ ದುಂಡನೆಯ ಜಾಗ ಇರುತ್ತದಲ್ವಾ, ಹತ್ತಿರ ಹೋದಾಗ ಅದರ ಒಂದು ಅರ್ಧ ಕಪ್ಪಾಗಿಬಿಡುತ್ತದೆ. ಅರ್ಧ ಗಾತ್ರದಲ್ಲಿ ಎಫ್ 3.5 ಅನ್ನುವುದು ಎಫ್ 5ಕ್ಕಿಂತಲೂ ಕಡಿಮೆ ಬೆಳಕು ಬಿಡುವ ಲೆನ್ಸಿನಂತೆ ನಡೆದುಕೊಳ್ಳುವುದೇ ಇದಕ್ಕೆ ಕಾರಣ. ಆಗ ಸುತ್ತಲಿನ ಮಬ್ಬು ಗಾಜಿನ ಭಾಗವನ್ನೇ ನೋಡಿ. ರಿಂಗ್ ತಿರುಗಿಸುವ ಬದಲು ಮೈಯನ್ನೇ ತುಸು ಹಿಂದೆ ಮುಂದೆ ಮಾಡಿ ಫೋಕಸ್ ಹಿಡಿಯಿರಿ.

ಹುಳು, ಚಿಟ್ಟೆ ತೆಗೆಯಬೇಕು, ಅದಕ್ಕೇ ಮ್ಯಾಕ್ರೋ ಅನ್ನುವವರಿಗೆ ಒಂದು ಮಾತು. 55ರ ಮ್ಯಾಕ್ರೋ ನಿಮಗಲ್ಲ. ಪೂರ್ತಿ ಗಾತ್ರಕ್ಕೆ ಹೋದಾಗ ಲೆನ್ಸಿನ ಮೂತಿಗೂ ಹುಳುವಿಗೂ ನಡುವೆ ಐದಾರು ಸೆಂಟಿಮೀಟರ್ ಉಳಿದರೆ ಹೆಚ್ಚು. ಕ್ಯಾಮೆರಾದ ನೆರಳು ಬಿದ್ದ ಕೂಡಲೇ ಅದು ಹಾರಿರುತ್ತದೆ. 100 ಅಥವಾ 105 ಎಂಎಂ ಮ್ಯಾಕ್ರೋಗೆ ದುಡ್ಡು ಕೂಡಿಡಿ.

ಹಾಗಾದರೆ 55ರ ಮ್ಯಾಕ್ರೋ ಯಾರಿಗೆ? ಚಪ್ಪಟೆ ವಸ್ತುಗಳನ್ನು ತೆಗೆಯುವವರಿಗೆ. ಅದು ಹುಟ್ಟಿದ್ದೇ ಆ ಕೆಲಸಕ್ಕೆ. ಜಪಾನಿನಲ್ಲಿ ಎರಡನೇ ಮಹಾಯುದ್ಧದ ನಂತರ ದಾಖಲೆ, ಪತ್ರಿಕೆಗಳನ್ನು ಮೈಕ್ರೋಫಿಲ್ಮಿಗೆ ಇಳಿಸುವ ಕೆಲಸ ನಡೆಯುತ್ತಿತ್ತು. ಇಂಗ್ಲಿಷ್ ಅಕ್ಷರಕ್ಕೆ ಸಾಲುತ್ತಿದ್ದ ಲೆನ್ಸುಗಳು ಗೆರೆಗೆ ಗೆರೆ ಒತ್ತಿಕೊಂಡಿರುವ ಕಾಂಜಿ ಅಕ್ಷರಗಳಿಗೆ ಸಾಲಲಿಲ್ಲ, ಗೆರೆಗಳು ಕಲಸಿಹೋಗುತ್ತಿದ್ದವು. ಆ ತೊಡಕಿಗೆಂದೇ ನಿಕಾನ್ 1956ರಲ್ಲಿ 5 ಸೆಂಟಿಮೀಟರಿನ ಎಫ್ 3.5 ಮೈಕ್ರೋ-ನಿಕ್ಕರ್ ತಂದಿತು. 1961ರಲ್ಲಿ ಅದು 55 ಎಂಎಂ ಆಗಿ ನಿಕಾನ್‌ನ ಎಸ್‌ಎಲ್‌ಆರ್ ಕ್ಯಾಮೆರಾಗೆ ಬಂತು. ಹಳೆಯ ಮ್ಯಾಕ್ರೋಗಳ ಮೇಲೆ ಈ ಕಂಪನಿಯವರು ಮೈಕ್ರೋ ಅಂತಲೇ ಬರೆದಿದ್ದಾರೆ, ಅಂಗಡಿಯಲ್ಲಿ ಗಲಿಬಿಲಿ ಬೇಡ. ನಮ್ಮ ಒತ್ತಕ್ಷರಗಳಿಗೂ ಇದು ಒಳ್ಳೆಯದೇ. ತಾಳೆಗರಿ, ಹಳೆಯ ಪತ್ರ, ನಾಣ್ಯ, ಅಂಚೆಚೀಟಿ, ಅಲ್ಬಮ್ಮಿನ ಹಳೆಯ ಫೋಟೋ, ಇವನ್ನೆಲ್ಲ ಮೂಲೆಯಿಂದ ಮೂಲೆಗೆ ಸಮನಾಗಿ ಹಿಡಿಯುತ್ತದೆ. ಮಾಮೂಲಿ ಐವತ್ತನ್ನು ದೂರದ ನೋಟಕ್ಕೆಂದು ತಿದ್ದಿರುತ್ತಾರೆ. ಉಂಗುರ ಹಾಕಿ ಅದರಲ್ಲಿ ಪುಟ ತೆಗೆದರೆ ನಡುವಿನ ಸಾಲು ಚೊಕ್ಕ, ಅಂಚಿನ ಸಾಲು ಮೆತ್ತಗೆ.

ಫಿಲ್ಮ್ ತೆಗೆಯುವವರಲ್ಲಿ ಈಗ ಇನ್ನೊಂದು ಚಪ್ಪಟೆ ಕೆಲಸ ಜೋರಾಗಿ ನಡೆದಿದೆ. ತೊಳೆದು ಬಂದ ನೆಗೆಟಿವನ್ನು ಲೈಟ್‌ಪ್ಯಾಡ್ ಮೇಲಿಟ್ಟು ಡಿಜಿಟಲ್ ಕ್ಯಾಮೆರಾದಿಂದ ನಕಲು ತೆಗೆಯುವುದು. ನೀವು ಅದನ್ನು ಮನೆಯಲ್ಲೇ ಮಾಡುವವರಾದರೆ ನಾನು ಮೊದಲು ಹೇಳಿದ್ದನ್ನು ಬಿಟ್ಟುಬಿಡಿ, ಮ್ಯಾಕ್ರೋ ತಗೊಳ್ಳಿ. ಫುಲ್‌ಫ್ರೇಮ್, ಅಂದರೆ ಫಿಲ್ಮಿನ ಫ್ರೇಮಿನಷ್ಟೇ ದೊಡ್ಡ ಸೆನ್ಸರ್ ಇರುವ ಕ್ಯಾಮೆರಾಗೆ ಪೂರ್ತಿ ಗಾತ್ರವೇ ಬೇಕು, ಅಂದರೆ ಲೆನ್ಸಿನ ಜೊತೆ ರಿಂಗ್ ಕೂಡ ಬೇಕು. ಎಪಿಎಸ್-ಸಿ ಅನ್ನುವ ಚಿಕ್ಕ ಸೆನ್ಸರ್ ಆದರೆ ಮೂರರಲ್ಲಿ ಎರಡು ಪಾಲು ಸಾಕು, ತೆಳುವಾದ ರಿಂಗ್‌ನಲ್ಲಿ ಮುಗಿಯುತ್ತದೆ. ಕ್ಯಾಮೆರಾ ನೆಗೆಟಿವ್‌ಗೆ ನೆಟ್ಟಗಿದೆಯೋ ಇಲ್ಲವೋ ನೋಡಲು ಸುಲಭ ಉಪಾಯ ಒಂದಿದೆ. ನೆಗೆಟಿವ್ ಇಡುವ ಜಾಗದಲ್ಲಿ ಚಿಕ್ಕ ಕನ್ನಡಿ ಇಡಿ. ಲೆನ್ಸಿನ ಪ್ರತಿಬಿಂಬ ಫ್ರೇಮಿನ ನಟ್ಟನಡುವೆ ಕಂಡರೆ ನೆಟ್ಟಗಿದೆ. ಪಕ್ಕಕ್ಕೆ ಸರಿದಿದ್ದರೆ ಓರೆಯಾಗಿದೆ. ನಕಲಿನಲ್ಲಿ ಫಿಲ್ಮಿನ ಗ್ರೇನ್ ನಾಲ್ಕೂ ಮೂಲೆಯಲ್ಲಿ ಕಾಣಬೇಕು.

ಕೊನೆಗೆ ಕೊಳ್ಳುವಾಗ ನೋಡಬೇಕಾದ ಒಂದೆರಡು ವಿಷಯ. ಲೆನ್ಸನ್ನು ಟಾರ್ಚಿಗೆ ಹಿಡಿದು ನೋಡಿ, ಜೇಡರ ಎಳೆಯ ಹಾಗೆ ಬೆಳ್ಳಗೆ ಹರಡಿದ್ದರೆ ಅದು ಫಂಗಸ್. ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ. ಬೆಳಕು ಬರುವ ತೂತನ್ನು ಹಿರಿದು ಕಿರಿದು ಮಾಡುವ ಅಪರ್ಚರ್ ಬ್ಲೇಡುಗಳ ಮೇಲೆ ಎಣ್ಣೆ ಹೊಳೆಯುತ್ತಿದೆಯೇ ನೋಡಿ. 55ರ ಎಫ್ 2.8 ಮೈಕ್ರೋ-ನಿಕ್ಕರ್‌ನಲ್ಲಿ ಈ ತೊಂದರೆ ಹೆಸರುವಾಸಿ, ಜೊತೆಗೆ ಫೋಕಸ್ ರಿಂಗೂ ಬಿಗಿಯಾಗುತ್ತದೆ. ಹಳೆಯ ಜೂಮ್ ಲೆನ್ಸಿನ ಮೇಲೆ ಮ್ಯಾಕ್ರೋ ಅಂತ ಬರೆದಿದ್ದರೆ ಮರುಳಾಗಬೇಡಿ, ಅವುಗಳಲ್ಲಿ ಬಹಳಷ್ಟು ಕಾಲು ಗಾತ್ರಕ್ಕೇ ಸುಸ್ತಾಗುತ್ತವೆ. ಇನ್ನು ಐವತ್ತು ತಗೊಂಡು ಉಂಗುರ ಹಾಕುವವರು, ಅಪರ್ಚರ್ ಲಿವರ್ ಇರುವ ಉಂಗುರವನ್ನೇ ಕೇಳಿ ತಗೊಳ್ಳಿ. ಲಿವರ್ ಇಲ್ಲದಿದ್ದರೆ ಹಲವು ಕ್ಯಾಮೆರಾಗಳಲ್ಲಿ ಎಫ್ 8ಕ್ಕೆ ಇಟ್ಟ ಕೂಡಲೇ ವ್ಯೂಫೈಂಡರ್ ಕತ್ತಲಾಗುತ್ತದೆ. ಪ್ರತಿ ಸಲ ಪೂರ್ತಿ ತೆರೆದು ಫೋಕಸ್ ಮಾಡಿ, ಮತ್ತೆ ಕೈಯಾರೆ ಎಫ್ 8ಕ್ಕೆ ತರಬೇಕು. ಅಷ್ಟರಲ್ಲಿ ಗಾಳಿ ಬೀಸಿರುತ್ತದೆ.

ನಮಸ್ಕಾರ.