ಕೆಲಸ ಎಲ್ಲಿ ನಿಲ್ಲುತ್ತದೆ?

ಕೇಳುಗರೇ, ನಮಸ್ಕಾರ.

ಇತರರೊಂದಿಗೆ ಬೆರೆಯುವ ರೀತಿ, ಸದ್ದು-ಸ್ಪರ್ಶ ಅನುಭವಿಸುವ ರೀತಿ ಚಿಕ್ಕಂದಿನಿಂದಲೇ ಬೇರೆಯಾಗಿರುವ ಸ್ಥಿತಿ ಆಟಿಸಂ. ಆ ಹೆಸರು ಎಂದ ಕೂಡಲೇ ಕಣ್ಣ ಮುಂದೆ ಬರುವುದು ಒಂದು ಮಗು. ಆ ಮಗುವಿಗೂ ಮೂವತ್ತಾಗುತ್ತದೆ, ಐವತ್ತಾಗುತ್ತದೆ ಅನ್ನುವುದು ನಮಗೆ ನೆನಪಾಗುವುದೇ ಕಡಿಮೆ. ಶಾಲೆ ಮುಗಿದ ಮೇಲೆ ಎಷ್ಟೋ ಜನರಿಗೆ ಕಲಿಸುವವರೂ ಇಲ್ಲ, ವಿಚಾರಿಸುವವರೂ ಇಲ್ಲ. ಹಾಗಾಗಿ ಆಟಿಸಂ ಇರುವ ವಯಸ್ಕರಿಗೆ ದಿನನಿತ್ಯದ ಬದುಕಿನ ಕೌಶಲ ಕಲಿಸುವ ಬಗ್ಗೆ ಇವತ್ತು ಮಾತಾಡುತ್ತೇನೆ.

ಒಬ್ಬ ಯುವಕ ಇದ್ದಾನೆ ಅಂದುಕೊಳ್ಳಿ. ವಾಷಿಂಗ್ ಮಷೀನಿನ ಒಂದೊಂದು ಗುಂಡಿಯೂ ಆತನಿಗೆ ಬಾಯಿಪಾಠ. ಆದರೂ ಒಗೆದ ಬಟ್ಟೆ ಮಷೀನಿನೊಳಗೇ ಉಳಿದು ಮುಗ್ಗಲು ವಾಸನೆ ಹಿಡಿಯುತ್ತದೆ. ಮನೆಯವರು ಸೋಮಾರಿತನ ಅನ್ನುತ್ತಾರೆ. ಒಳ್ಳೆಯ ತರಬೇತುದಾರರು ಹಾಗನ್ನುವುದಿಲ್ಲ. ಪಕ್ಕದಲ್ಲಿ ನಿಂತು, ಕೆಲಸ ಯಾವ ಹಂತದಲ್ಲಿ ನಿಲ್ಲುತ್ತದೆ ಅಂತ ನೋಡುತ್ತಾರೆ. ಆತ ಬಟ್ಟೆ ಹಾಕಿದ, ಪುಡಿ ಹಾಕಿದ, ಗುಂಡಿ ಒತ್ತಿದ. ಮುಗಿದಾಗ ಮಷೀನು ಪೀಂ ಪೀಂ ಎಂದು ಕೂಗಿತು. ಆತ ಎರಡೂ ಕಿವಿ ಮುಚ್ಚಿಕೊಂಡು ಆಚೆ ಹೋಗಿಬಿಟ್ಟ. ನಿಲ್ಲುವ ಜಾಗ ಸಿಕ್ಕಿತಲ್ಲ! ಆ ಸದ್ದನ್ನು ಬಂದ್ ಮಾಡಿ, ಮೊಬೈಲಿನಲ್ಲಿ ಬರೀ ಅದುರುವ ಅಲಾರಂ ಇಟ್ಟರು. ಒದ್ದೆ ಬಟ್ಟೆ ಮುಟ್ಟಿದರೆ ಮೈಯೆಲ್ಲ ಒಂಥರಾ ಆಗುತ್ತದೆ ಅಂತ ಆಮೇಲೆ ಆತನೇ ಹೇಳಿದ. ಒಂದು ಜೊತೆ ರಬ್ಬರ್ ಗ್ಲೌಸ್ ತಂದುಕೊಟ್ಟರು. ಅವತ್ತಿನಿಂದ ಬಟ್ಟೆ ಹಗ್ಗದ ಮೇಲೆ. ಒಗೆಯುವುದನ್ನು ಆತನಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಗೊತ್ತಿರುವ ಕೆಲಸವನ್ನೂ ಶುರುಮಾಡಲಾಗದೆ ಕುಳಿತಿರುವುದು, ಹಸಿವು ಬಾಯಾರಿಕೆ ಆಗಿದ್ದೇ ತಿಳಿಯದಿರುವುದು, ಇವು ಆಟಿಸಂ ಇರುವ ಅನೇಕರ ಅನುಭವ. ಇಂಥ ಕಡೆ ಬಾಯಲ್ಲಿ ಹತ್ತು ಸಲ ಹೇಳುವುದಕ್ಕಿಂತ ಬರೆದೋ ಚಿತ್ರದಲ್ಲೋ ತೋರಿಸಿದರೆ ಎಷ್ಟೋ ಜನರಿಗೆ ಅನುಕೂಲ. ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ ಮನೋವಿಜ್ಞಾನಿ ಎರಿಕ್ ಶಾಪ್ಲರ್ ಆಟಿಸಂ ಇರುವವರಿಗಾಗಿ ಕಟ್ಟಿದ ಟೀಚ್ (TEACCH) ಅನ್ನುವ ಕಾರ್ಯಕ್ರಮ 1972ರಿಂದ ಈ ದಾರಿಯಲ್ಲಿದೆ. ಏನು ಕೆಲಸ, ಎಷ್ಟು, ಮುಗಿಯಿತು ಅಂತ ಗೊತ್ತಾಗುವುದು ಹೇಗೆ, ಆಮೇಲೇನು, ಇಷ್ಟಕ್ಕೂ ಉತ್ತರ ಕಣ್ಣೆದುರಿಗೇ ಇರಬೇಕು ಅನ್ನುತ್ತದೆ ಅದು. ‘ಅಡುಗೆಮನೆ ಕ್ಲೀನ್ ಮಾಡು’ ಅಂದರೆ ಎಲ್ಲಿಯವರೆಗೆ ಅನ್ನುವುದೇ ತಿಳಿಯುವುದಿಲ್ಲ. ‘ಸಿಂಕಿನಲ್ಲಿರುವ ಪಾತ್ರೆ ತೊಳೆದು ಸ್ಟ್ಯಾಂಡಿಗಿಡು, ಸಿಂಕ್ ಖಾಲಿಯಾದರೆ ಮುಗಿಯಿತು’ ಅಂತ ಗೋಡೆಯ ಮೇಲೆ ಬರೆದಿದ್ದರೆ, ಹಿಂದೆ ನಿಂತು ಜ್ಞಾಪಿಸುವವರೇ ಬೇಡ.

ಅಮೆರಿಕದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಆಟಿಸಂ ಬಗ್ಗೆ ಬರೆದ ಪ್ರಬಂಧದಲ್ಲಿ ಮೊದಲು ಬರುವ ಹುಡುಗ ಡೊನಾಲ್ಡ್ ಟ್ರಿಪ್ಲೆಟ್. ಎಣಿಸುವುದು, ಅಳೆಯುವುದು ಅಂದರೆ ಅವನಿಗೆ ಎಲ್ಲಿಲ್ಲದ ಗೀಳು. ಅವನನ್ನು ಕೆಲಕಾಲ ನೋಡಿಕೊಂಡ ರೈತ ದಂಪತಿ ಅದನ್ನು ಬಿಡಿಸಲು ಹೋಗಲಿಲ್ಲ. ಅವನ ಕೈಯಲ್ಲೇ ಬಾವಿ ತೋಡಿಸಿ ಆಳ ಎಷ್ಟೆಂದು ಕೇಳಿದರು. ಮುಸುಕಿನ ಜೋಳದ ಸಾಲು ಎಣಿಸುತ್ತಿದ್ದವನಿಗೆ ಉಳುತ್ತಾ ಎಣಿಸು ಅಂದರು. ಮುಂದೆ ಡೊನಾಲ್ಡ್ ಬ್ಯಾಂಕಿನಲ್ಲಿ ಕೆಲಸ ಮಾಡಿದರು, 27ನೇ ವಯಸ್ಸಿನಲ್ಲಿ ಕಾರು ಓಡಿಸಲು ಕಲಿತರು, ಒಬ್ಬರೇ ದೇಶ ದೇಶ ಸುತ್ತಿದರು. 2023ರಲ್ಲಿ ತೀರಿಕೊಂಡಾಗ ಅವರಿಗೆ 89. ಮನೆಯಲ್ಲಿ ಅನುಕೂಲವಿತ್ತು, ಊರವರ ಆಸರೆಯಿತ್ತು, ನಿಜ. ಎಲ್ಲರಿಗೂ ಅದು ಸಿಗುವುದಿಲ್ಲ. ಆದರೆ ‘ಇಷ್ಟು ವಯಸ್ಸಾದ ಮೇಲೆ ಇನ್ನೇನು ಕಲಿಯುತ್ತಾರೆ’ ಅನ್ನುವವರಿಗೆ ನಾನು ಅವರ ಕಾರಿನ ವಿಷಯ ಹೇಳುತ್ತೇನೆ.

ಅಡುಗೆ, ಬಟ್ಟೆ, ಬ್ಯಾಂಕು ಎಲ್ಲ ಕಲಿಸುವವರು ಕೂಡ ಒಂದನ್ನು ಮರೆಯುತ್ತಾರೆ: ‘ಬೇಡ’ ಅನ್ನುವುದನ್ನು. ಚಿಕ್ಕಂದಿನಿಂದ ‘ಹೇಳಿದ ಹಾಗೆ ಕೇಳು’ ಅಂತಲೇ ಬೆಳೆಸಿರುತ್ತೇವೆ. ಹಾಗೆ ಬೆಳೆದವರು ಯಾರೋ ಎಟಿಎಂ ಪಿನ್ ಕೇಳಿದರೆ ಹೇಳಿಬಿಡಬಹುದು, ಯಾರೋ ಮೈ ಮುಟ್ಟಿದರೂ ಸುಮ್ಮನಿದ್ದುಬಿಡಬಹುದು. ನನ್ನನ್ನು ತುಂಬಾ ಕಾಡುವ ವಿಷಯ ಇದು. ಬೇಡ ಅನ್ನುವುದನ್ನೂ ಬಾಯಿಬಿಟ್ಟು ಹೇಳಿಸಿ, ಮಾತಾಡದವರಾದರೆ ‘ಬೇಡ’ ಅನ್ನುವ ಕಾರ್ಡ್ ತೋರಿಸುವುದನ್ನು ರೂಢಿ ಮಾಡಿಸಬೇಕು. ಅದರ ಮೊದಲ ಪ್ರಯೋಗ ಕಲಿಸುವವರ ಮೇಲೇ ಆಗುತ್ತದೆ. ‘ಇವತ್ತು ಅಡುಗೆ ಬೇಡ’ ಅಂದರೆ ಅವತ್ತಿನ ಪಾಠ ಅಲ್ಲಿಗೇ ನಿಲ್ಲಿಸಿ. ಯಾವತ್ತು ಬರಲಿ, ಏನು ಕಲಿಯೋಣ ಅಂತ ಅವರನ್ನೇ ಕೇಳಿ.

ನಮಸ್ಕಾರ.